ಮಗ್ಗಿಯ ಸರಪಳಿ ಬಿಡಿಸುವ ಆ್ಯಪ್

ಬಾಯಿಪಾಠ ಬರುವ ಮಗುವಿಗೂ ‘ಏಳೆಂಟ್ಲಿ ಎಷ್ಟು?’ ಎಂದು ಥಟ್ಟನೆ ಕೇಳಿದರೆ ಉತ್ತರ ಬರುವುದಿಲ್ಲ. ಗಣಿತದ ತಂತ್ರಾಂಶಗಳು ಅರವತ್ತು ವರ್ಷಗಳಿಂದ ಈ ತೊಡಕನ್ನು ಬಿಡಿಸಲು ನೋಡುತ್ತಿವೆ. ಅವು ಎಲ್ಲಿ ಗೆದ್ದಿವೆ, ಎಲ್ಲಿ ಸೋತಿವೆ?

ಕರಿಹಲಗೆಯ ಮೇಲೆ 434 ಭಾಗಿಸು 7 ಎಂದು ಬರೆದಿದೆ. ಐದನೇ ತರಗತಿಯ ಮಗುವಿಗೆ ಭಾಗಾಕಾರದ ಕ್ರಮ ಗೊತ್ತು. ಎಡದಿಂದ ಶುರು ಮಾಡಬೇಕು, 4ರಲ್ಲಿ 7 ಹೋಗದು, ಆದ್ದರಿಂದ 43 ತೆಗೆದುಕೊಳ್ಳಬೇಕು. 43ರಲ್ಲಿ 7 ಎಷ್ಟು ಸಲ? ಮಗು ನಿಲ್ಲುವುದು ಇಲ್ಲಿ. ‘ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು’ ಎಂದು ತುಟಿಯಲ್ಲೇ ಶುರು ಮಾಡಿ, ನಡುವೆ ಒಂದು ಕಡೆ ತಡವರಿಸಿ, ಮತ್ತೆ ಮೊದಲಿನಿಂದ ಹೇಳಿ, ‘ಏಳಾರ್ಲಿ ನಲವತ್ತೆರಡು’ ಮುಟ್ಟುವಷ್ಟರಲ್ಲಿ ಯಾವುದರಿಂದ ಯಾವುದನ್ನು ಕಳೆಯಬೇಕಿತ್ತು ಎಂಬುದೇ ಮರೆತಿರುತ್ತದೆ. ಉತ್ತರ ತಪ್ಪಾಗುತ್ತದೆ. ಮೇಷ್ಟ್ರು ಭಾಗಾಕಾರವನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿಕೊಡುತ್ತಾರೆ. ಮಗುವಿಗೆ ಬಾರದೆ ಇದ್ದದ್ದು ಏಳಾರು ಎಷ್ಟು ಎಂಬ ಒಂದೇ ಸಂಗತಿ, ಅದೂ ಬೇಕಾದ ಗಳಿಗೆಯಲ್ಲಿ.

ಲೆಕ್ಕ ಮಾಡುವಾಗ ಮನಸ್ಸು ಒಟ್ಟಿಗೆ ಹಿಡಿದಿಟ್ಟುಕೊಳ್ಳಬಲ್ಲದ್ದು ಬಹಳ ಕಡಿಮೆ. 1974ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಈ ಕ್ಷಣದ ನೆನಪಿನ ರಚನೆಯನ್ನು ವಿವರಿಸಿದ ಮೇಲೆ, ಗಣಿತ ಕಲಿಕೆಯ ಸಂಶೋಧನೆಯಲ್ಲಿ ಅದೊಂದು ಮುಖ್ಯ ಎಳೆಯಾಗಿ ಉಳಿದಿದೆ. ಒಂದಂಕಿಯ ಕೂಡು, ಕಳೆ, ಗುಣಾಕಾರಗಳು ಯೋಚಿಸದೆ ನಾಲಿಗೆಗೆ ಬರುವಂತಿದ್ದರೆ ಆ ಚಿಕ್ಕ ಜಾಗ ಲೆಕ್ಕದ ಉಳಿದ ಹೆಜ್ಜೆಗಳಿಗೆ ಸಿಗುತ್ತದೆ. ಬರದಿದ್ದರೆ ಇಡೀ ಜಾಗವನ್ನು ಏಳಾರೇ ಆವರಿಸಿಕೊಳ್ಳುತ್ತದೆ. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಯ 2024ರ ವರದಿ ಪ್ರಕಾರ, ಐದನೇ ತರಗತಿಯ ಮಕ್ಕಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 30.7. ಮೂರನೇ ತರಗತಿಯಲ್ಲಿ ದಶಕ ತೆಗೆದುಕೊಂಡು ಕಳೆಯಬಲ್ಲವರು ಶೇ 33.7. ಉಳಿದವರೆಲ್ಲರ ತೊಂದರೆ ಮಗ್ಗಿಯದೇ ಎಂದು ಹೇಳಲಾಗದು. ಸ್ಥಾನಬೆಲೆ ಅರ್ಥವಾಗದವರೂ ಅವರಲ್ಲಿದ್ದಾರೆ. ಆದರೆ ಈ ಎರಡೂ ಲೆಕ್ಕಗಳ ಪ್ರತಿ ಹೆಜ್ಜೆಯಲ್ಲೂ ಒಂದಂಕಿಯ ಸಂಗತಿಯೊಂದು ಕೂತಿದೆ.

ಸಾಲಾಗಿ ಬರುತ್ತದೆ, ಬಿಡಿಯಾಗಿ ಬರುವುದಿಲ್ಲ

ಮಗ್ಗಿ ನಮಗೆ ಹೊಸದಲ್ಲ. ದೀಪ ಹಚ್ಚಿದ ಮೇಲೆ ಕೈಕಾಲು ತೊಳೆದು ಕೂತು ಹಿರಿಯರೆದುರು ಮಗ್ಗಿ ಒಪ್ಪಿಸುವುದು ಕನ್ನಡದ ಎಷ್ಟೋ ಮನೆಗಳ ದಿನಚರಿಯಾಗಿತ್ತು. ಇಪ್ಪತ್ತರವರೆಗಿನ ಮಗ್ಗಿ ಮುಗಿದ ಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಇದ್ದವು. ಅವು ಬದುಕಿಗೆ ಬೇಕಿದ್ದವು. ರೂಪಾಯಿಗೆ ಹದಿನಾರಾಣೆ, ಮಣಕ್ಕೆ ನಲವತ್ತು ಸೇರು ಎಂದು ಸಂತೆಯಲ್ಲಿ ಲೆಕ್ಕ ಹಾಕುವವನಿಗೆ ಹದಿನಾರರ ಮಗ್ಗಿ, ಕಾಲಿನ ಮಗ್ಗಿ ಬಾರದೆ ವ್ಯಾಪಾರ ಸಾಗುತ್ತಿರಲಿಲ್ಲ. 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂತು, ಹಿಂದೆಯೇ ಕಿಲೋ, ಲೀಟರ್ ಬಂದವು. ಆಣೆ ಹೋದರೂ ಮಗ್ಗಿ ಪುಸ್ತಕದಲ್ಲಿ ಹದಿನಾರರ ಪುಟ ಉಳಿದುಕೊಂಡಿತು.

ರಾಗವಾಗಿ ಹೇಳುವ ಮಗ್ಗಿಗೆ ದೊಡ್ಡ ಗುಣವೊಂದಿದೆ. ಲಯ ನೆನಪನ್ನು ಹಿಡಿದು ಎಳೆಯುತ್ತದೆ, ಗುಂಪಿನಲ್ಲಿ ಹೇಳುವಾಗ ಹಿಂದೆ ಬಿದ್ದ ಮಗುವೂ ದನಿಗೂಡಿಸಬಹುದು. ತೊಡಕೂ ಅಲ್ಲಿಯೇ ಇದೆ. ಹಾಗೆ ಕಲಿತ ಮಗ್ಗಿ ಸರಪಳಿಯಾಗಿ ಕೂರುತ್ತದೆ. ಏಳೆಂಟು ಬೇಕಾದರೆ ಏಳೊಂದರಿಂದ ಕೊಂಡಿ ಕೊಂಡಿಯಾಗಿ ಎಳೆದುಕೊಂಡು ಬರಬೇಕು. ಲೆಕ್ಕಕ್ಕೆ ಬೇಕಾದದ್ದು ಸರಪಳಿಯಿಂದ ಬಿಡಿಸಿಟ್ಟ ಒಂಟಿ ಕೊಂಡಿ. ತಲೆಕೆಳಗಾಗಿಯೂ ಅದು ಕೈಗೆ ಸಿಗಬೇಕು: ಎಂಟೇಳು ಎಷ್ಟು, ಐವತ್ತಾರರಲ್ಲಿ ಎಂಟು ಎಷ್ಟು ಸಲ, ಏಳನ್ನು ಯಾವುದರಿಂದ ಗುಣಿಸಿದರೆ ಐವತ್ತಾರು.

ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿ ಮಗುವನ್ನೂ ಹೀಗೆ ಹಿಂದುಮುಂದಾಗಿ ಕೇಳಿ, ಯಾವ ಕೊಂಡಿ ಗಟ್ಟಿ, ಯಾವುದು ಸಡಿಲ ಎಂದು ದಿನದಿನವೂ ನೆನಪಿಟ್ಟುಕೊಳ್ಳುವುದು ಯಾವ ಶಿಕ್ಷಕರಿಗೂ ಆಗದ ಕೆಲಸ. ಯಂತ್ರಕ್ಕೆ ಅದು ಸುಲಭ. ತಂತ್ರಾಂಶದ ನಿಜವಾದ ಉಪಯೋಗ ಇದೊಂದೇ. ಅದರ ಮೇಲಿನ ಬಣ್ಣ, ಸಂಗೀತ, ನಾಣ್ಯ, ಪದಕಗಳೆಲ್ಲ ಹೊದಿಕೆ.

ನೂರಲ್ಲ, ಹತ್ತು

ಮಗ್ಗಿ ಎಂದರೆ ಮಕ್ಕಳಿಗೆ ಬೆಟ್ಟ ಕಾಣುತ್ತದೆ. ಒಂದರಿಂದ ಹತ್ತರವರೆಗೆ ಲೆಕ್ಕ ಹಾಕಿದರೆ ನೂರು ಸಂಗತಿ. ಆದರೆ 3×8 ಬಂದರೆ 8×3 ಬಂದಂತೆ. ಜೋಡಿಗಳನ್ನು ಒಂದಾಗಿಸಿದರೆ ಉಳಿಯುವುದು 55. ಒಂದರ ಮತ್ತು ಹತ್ತರ ಮಗ್ಗಿಗೆ ಬಾಯಿಪಾಠವೇ ಬೇಡ, ಅವನ್ನು ತೆಗೆದರೆ 36. ಎರಡರದ್ದು ಇಮ್ಮಡಿ, ಐದರದ್ದು ಗಡಿಯಾರ ನೋಡಿಯೇ ಬರುತ್ತದೆ, ಉಳಿದದ್ದು 21. ಒಂಬತ್ತರದ್ದಕ್ಕೆ ಹತ್ತರಿಂದ ಗುಣಿಸಿ ಒಂದು ಸಲ ಕಳೆದರಾಯಿತು: ಒಂಬತ್ತು ಏಳು ಎಂದರೆ ಎಪ್ಪತ್ತರಲ್ಲಿ ಏಳು ಕಡಿಮೆ, ಅರವತ್ತಮೂರು. ಈಗ 15. ಮೂರ್ಮೂರು, ನಾನಾಲ್ಕು, ಆರಾರು, ಏಳೇಳು, ಎಂಟೆಂಟು ಸದ್ದಿನಿಂದಲೇ ನೆನಪಿಗೆ ಅಂಟುತ್ತವೆ. ಕೊನೆಗೆ ಉಳಿಯುವುದು ಹತ್ತು: 3×4, 3×6, 3×7, 3×8, 4×6, 4×7, 4×8, 6×7, 6×8, 7×8.

ಈ ಹತ್ತರಲ್ಲೂ ನಾಲ್ಕಿರುವ ಕಡೆ ಇಮ್ಮಡಿಯ ಇಮ್ಮಡಿ ಮಾಡಬಹುದು. ಏಳೆರಡ್ಲಿ ಹದಿನಾಲ್ಕು, ಅದರ ಎರಡರಷ್ಟು ಇಪ್ಪತ್ತೆಂಟು, ಮತ್ತೆ ಎರಡರಷ್ಟು ಐವತ್ತಾರು. ಏಳೆಂಟರ ದಾರಿಯೂ ಸಿಕ್ಕಿತು. ಕೂಡುವ ಲೆಕ್ಕದಲ್ಲೂ ಇಂಥ ದಾರಿಗಳಿವೆ. ಹತ್ತಾಗುವ ಜೋಡಿಗಳು ಗೊತ್ತಿದ್ದರೆ 8+5 ಎಂಬುದು 8+2+3. ದಾರಿ ಗೊತ್ತಿರುವ ಮಗು ಮರೆತರೂ ಕಟ್ಟಿಕೊಳ್ಳಬಲ್ಲದು. ಬರೀ ಉರು ಹೊಡೆದ ಮಗು ಮರೆತರೆ ಊಹಿಸುತ್ತದೆ.

ಆ ಊಹೆಗೂ ಒಂದು ಕ್ರಮವಿದೆ. ಏಳೆಂಟು ಕೇಳಿದರೆ ತಪ್ಪು ಹೇಳುವ ಮಕ್ಕಳು ಹೆಚ್ಚಾಗಿ 48, 54, 63 ಎನ್ನುತ್ತಾರೆ. 57 ಎನ್ನುವವರು ಕಡಿಮೆ. ಮೊದಲ ಮೂರೂ ಅಕ್ಕಪಕ್ಕದ ಮಗ್ಗಿಗಳ ಉತ್ತರಗಳು. ಒಂದನ್ನೊಂದು ಹೋಲುವ ಸಂಗತಿಗಳು ನೆನಪಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದಲೇ 6×8 ಮತ್ತು 7×8 ಎರಡನ್ನೂ ಒಂದೇ ದಿನ ಕಲಿಸಬಾರದು. ಈ ಜಾಣ್ಮೆ ಇರುವ ತಂತ್ರಾಂಶ ಯಾವುದು, ಇಲ್ಲದ್ದು ಯಾವುದು ಎಂದು ಹತ್ತು ನಿಮಿಷ ಆಡಿ ನೋಡಿದರೆ ಗೊತ್ತಾಗುತ್ತದೆ.

ಉತ್ತರಕ್ಕೆ ಕಾಯಬೇಕಿಲ್ಲ

1953ರ ನವೆಂಬರ್‌ನಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ತಮ್ಮ ಮಗಳ ನಾಲ್ಕನೇ ತರಗತಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಗಣಿತದ ಪಾಠ ನೋಡಿದರು. ಬೇಗ ಮುಗಿಸಿದವರು ಸುಮ್ಮನೆ ಕೂತಿದ್ದರು. ಬಾರದವರು ಹೆಣಗುತ್ತಿದ್ದರು. ತಾವು ಮಾಡಿದ್ದು ಸರಿಯೋ ತಪ್ಪೋ ಎಂಬುದು ಇಬ್ಬರಿಗೂ ಆಗಲೇ ತಿಳಿಯುವಂತಿರಲಿಲ್ಲ. ತಿದ್ದಿದ ಹಾಳೆ ಕೈಗೆ ಬರಲು ಮರುದಿನದವರೆಗೆ ಕಾಯಬೇಕು. ಅಷ್ಟರಲ್ಲಿ ತಪ್ಪು ಉತ್ತರವೇ ಮನಸ್ಸಿನಲ್ಲಿ ಕೂತಿರುತ್ತದೆ. ಸ್ಕಿನ್ನರ್ ಅದಕ್ಕೊಂದು ಪೆಟ್ಟಿಗೆ ಮಾಡಿದರು. ಒಂದೊಂದೇ ಲೆಕ್ಕ ಕಿಂಡಿಯಲ್ಲಿ ಕಾಣುತ್ತದೆ, ಉತ್ತರ ಸರಿಯಿದ್ದರೆ ಮಾತ್ರ ಮುಂದೆ ಹೋಗುತ್ತದೆ. 1954ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅದನ್ನು ತೋರಿಸಿದರು. ಅವರಿಗಿಂತ ಮೂರು ದಶಕ ಮುಂಚೆಯೇ ಒಹಾಯೊದ ಸಿಡ್ನಿ ಪ್ರೆಸ್ಸಿ ಇಂಥದ್ದೊಂದು ಯಂತ್ರ ಮಾಡಿದ್ದರೂ ಆಗ ಅದನ್ನು ಕೇಳುವವರಿರಲಿಲ್ಲ.

ಕಂಪ್ಯೂಟರ್ ಈ ಕೆಲಸಕ್ಕೆ ಇಳಿದದ್ದು 1960ರ ದಶಕದಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಸಪ್ಪೀಸ್ 1965ರಲ್ಲಿ ಹತ್ತಿರದ ಶಾಲೆಯೊಂದರ ನಾಲ್ಕನೇ ತರಗತಿಯಲ್ಲಿ ಟೆಲಿಟೈಪ್ ಯಂತ್ರ ಇಟ್ಟು, ಫೋನ್ ತಂತಿಯ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಜೋಡಿಸಿದರು. ಮಗು ಹೆಸರು ಒತ್ತಿದ ಕೂಡಲೇ ಕಾಗದದ ಮೇಲೆ ಲೆಕ್ಕ ಅಚ್ಚಾಗುತ್ತಿತ್ತು. ತಪ್ಪಾದರೆ ಮತ್ತೆ ಪ್ರಯತ್ನಿಸು ಎಂಬ ಸಾಲು. ಪ್ರತಿ ಪಾಠಕ್ಕೆ ಐದು ಮಟ್ಟಗಳು, ಇಂದಿನ ಅಂಕ ನೋಡಿ ನಾಳೆಯ ಮಟ್ಟ ತೀರ್ಮಾನ. ಈ ಅಭ್ಯಾಸ ಆಮೇಲೆ ಬಡ ಮಿಸಿಸಿಪ್ಪಿ ರಾಜ್ಯದ ಮೆಕೂಂಬ್ ಊರಿನ ಶಾಲೆಗಳಿಗೂ ಹೋಯಿತು. ಅನುಕೂಲಸ್ಥ ಕ್ಯಾಲಿಫೋರ್ನಿಯಾದ ಮಕ್ಕಳಿಗಿಂತ ಅಲ್ಲಿನ ಮಕ್ಕಳಿಗೆ ಹೆಚ್ಚು ಲಾಭವಾದದ್ದನ್ನು ಸಪ್ಪೀಸ್ ತಂಡ 1969ರಲ್ಲಿ ದಾಖಲಿಸಿತು. ಬೇರೆ ಕಡೆ ಅಭ್ಯಾಸ ಸಿಗದ ಮಗುವಿಗೆ ಯಂತ್ರದ ಅಭ್ಯಾಸ ಹೆಚ್ಚು ದಕ್ಕುತ್ತದೆ ಎಂಬ ಮಾತು ಮುಂದೆ ನಮ್ಮಲ್ಲೂ ಎದುರಾಗುತ್ತದೆ.

1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ‘ಲಿಟ್ಲ್ ಪ್ರೊಫೆಸರ್’ ಎಂಬ ಕೈಯಂತ್ರ ಮಾರಿತು. ನೋಡಲು ಕ್ಯಾಲ್ಕುಲೇಟರ್, ಆದರೆ ಪ್ರಶ್ನೆ ಕೇಳುವುದು ಅದು, ಉತ್ತರ ಹೇಳಬೇಕಾದದ್ದು ಮಗು. 1983ರ ‘ಮ್ಯಾತ್ ಬ್ಲಾಸ್ಟರ್’ನೊಂದಿಗೆ ಗಣಿತ ಬಾಹ್ಯಾಕಾಶದ ಗುಂಡಿನ ಆಟವಾಯಿತು. ಅಲ್ಲಿಂದ ಮುಂದೆ ಆಟ ದೊಡ್ಡದಾಗುತ್ತಾ, ಲೆಕ್ಕ ಸಣ್ಣದಾಗುತ್ತಾ ಬಂದ ಕಥೆಯೂ ಇದೆ. ಕೆನಡಾದ ‘ಪ್ರಾಡಿಜಿ’ ಆಟ ಹಣ ಕೊಟ್ಟು ಸದಸ್ಯರಾಗುವಂತೆ ಮಕ್ಕಳನ್ನು ಹುರಿದುಂಬಿಸುತ್ತದೆ ಎಂದು ಮಕ್ಕಳ ಹಿತದ ಸಂಘಟನೆಗಳು 2021ರ ಫೆಬ್ರುವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟವು.

ಒಳಗೆ ಏನು ನಡೆಯುತ್ತದೆ

ಒಳ್ಳೆಯ ಅಭ್ಯಾಸದ ತಂತ್ರಾಂಶ ಮೊದಲ ಕೆಲವು ದಿನ ಏನನ್ನೂ ಕಲಿಸದೆ ಬರೀ ಕೇಳುತ್ತದೆ. ಯಾವ ಸಂಗತಿಗೆ ಮಗು ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಬರೆದುಕೊಳ್ಳುತ್ತದೆ. ಸರಿ ಉತ್ತರವೇ ಆದರೂ ಎಂಟು ಸೆಕೆಂಡ್ ಹಿಡಿದಿದ್ದರೆ ಮಗು ಬೆರಳೆಣಿಸಿದೆ ಅಥವಾ ಏಳೊಂದರಿಂದ ಶುರು ಮಾಡಿದೆ ಎಂದರ್ಥ. ಅಮೆರಿಕದ ಶಾಲೆಗಳಲ್ಲಿ ಬಳಕೆಯಲ್ಲಿರುವ, ಲಾಭರಹಿತ ಸಂಸ್ಥೆಯೊಂದು ನಡೆಸುವ ‘ಎಕ್ಸ್‌ಟ್ರಾಮ್ಯಾತ್’ ಮೂರು ಸೆಕೆಂಡ್‌ನೊಳಗೆ ಬಂದದ್ದನ್ನು ನೆನಪಿನಿಂದ ಬಂದದ್ದು ಎಂದು ಎಣಿಸುತ್ತದೆ.

ಅಲ್ಲೊಂದು ಸೂಕ್ಷ್ಮವಿದೆ. ಕೆಲವು ಮಕ್ಕಳ ತಲೆ ಚುರುಕು, ಬೆರಳು ನಿಧಾನ. ಉತ್ತರ ಗೊತ್ತಿದ್ದರೂ ಸಣ್ಣ ಪರದೆಯಲ್ಲಿ 5 ಮತ್ತು 6 ಹುಡುಕಿ ಒತ್ತುವುದರಲ್ಲಿ ಹೊತ್ತು ಹೋಗುತ್ತದೆ. ಆದ್ದರಿಂದ ಎಚ್ಚರದಿಂದ ಮಾಡಿದ ತಂತ್ರಾಂಶ ಮೊದಲು ಅಂಕಿ ತೋರಿಸಿ ಅದನ್ನೇ ಒತ್ತಲು ಹೇಳುತ್ತದೆ, ಬೆರಳಿನ ವೇಗ ಅಳೆಯುತ್ತದೆ, ಆ ಹೊತ್ತನ್ನು ಲೆಕ್ಕದಿಂದ ಬಿಡುತ್ತದೆ.

ನಂತರ ಹೊಸ ಸಂಗತಿ ಎರಡೋ ಮೂರೋ ಮಾತ್ರ ಬರುತ್ತವೆ, ಅದೂ ಗೊತ್ತಿರುವ ಹತ್ತಾರರ ನಡುವೆ. ತಪ್ಪಾದರೆ ಸರಿಯುತ್ತರ ಕೂಡಲೇ ಕಾಣುತ್ತದೆ, ಮಗು ಅದನ್ನು ತಾನೇ ಒತ್ತಬೇಕು, ಎರಡು ಪ್ರಶ್ನೆಯ ನಂತರ ಅದೇ ಲೆಕ್ಕ ತಿರುಗಿ ಬರುತ್ತದೆ. ಸರಿಯಾದರೆ ಐದು ಪ್ರಶ್ನೆಯ ನಂತರ, ಆಮೇಲೆ ನಾಳೆ, ಆಮೇಲೆ ಮುಂದಿನ ವಾರ. ಮರೆವು ಮೊದಲು ರಭಸವಾಗಿ, ಆಮೇಲೆ ನಿಧಾನವಾಗಿ ಆಗುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಮರೆಯುವ ಹೊತ್ತಿಗೆ ಸರಿಯಾಗಿ ಕೇಳಿದರೆ ನೆನಪು ಗಟ್ಟಿಯಾಗುತ್ತದೆ. ಓದುವುದಕ್ಕಿಂತ ನೆನಪಿನಿಂದ ಎಳೆದು ತೆಗೆಯುವುದೇ ಹೆಚ್ಚು ಕಲಿಸುತ್ತದೆ ಎಂಬುದು ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಇನ್ನಷ್ಟು ಖಚಿತವಾಯಿತು. ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಮುಟ್ಟು ಎನ್ನುವ ಆ್ಯಪ್‌ಗಳು ಹಿಂದೆ ಬೀಳುವುದು ಇಲ್ಲಿಯೇ. ಮಗು ನೆನಪಿಸಿಕೊಳ್ಳುವುದಿಲ್ಲ, ಗುರುತು ಹಿಡಿಯುತ್ತದೆ.

ವಡೋದರ, ಅಹಮದಾಬಾದ್, ದೆಹಲಿ

ಈ ಮಾತುಗಳೆಲ್ಲ ನಮ್ಮ ಶಾಲೆಗಳಲ್ಲಿ ನಿಲ್ಲುತ್ತವೆಯೇ? 2002ರಲ್ಲಿ ಶುರುವಾದ ಒಂದು ಪ್ರಯೋಗದಲ್ಲಿ ವಡೋದರದ ನಗರಸಭಾ ಶಾಲೆಗಳ ನಾಲ್ಕನೇ ತರಗತಿ ಮಕ್ಕಳು ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂತು ಗಣಿತದ ಆಟ ಆಡಿದರು. ಆಟ ಆಡದ ಮಕ್ಕಳ ಜೊತೆ ಹೋಲಿಸಿ ಅಳೆದವರು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು. ಎರಡನೇ ವರ್ಷದ ಕೊನೆಗೆ ಗಣಿತದ ಅಂಕಗಳಲ್ಲಿ ಕಂಡ ಏರಿಕೆ 0.47 ಪ್ರಮಾಣಿತ ವಿಚಲನೆ. ಅಂಕಗಳ ಪ್ರಕಾರ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ, ನಡುವೆ ಇದ್ದ ಮಗು ಸುಮಾರು 18 ಮಕ್ಕಳನ್ನು ದಾಟಿ ಮುಂದೆ ಬಂದಷ್ಟು. ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಅಳೆದಾಗ ಹೆಚ್ಚಿನ ಪಾಲು ಕರಗಿ 0.10ರ ಆಸುಪಾಸಿಗೆ ಇಳಿದಿತ್ತು. ಅಭ್ಯಾಸ ನಿಂತರೆ ಮಗ್ಗಿಯೂ ನಿಲ್ಲುತ್ತದೆ ಎಂಬುದು ಅಜ್ಜಿಯರಿಗೆ ಗೊತ್ತಿದ್ದದ್ದೇ.

ಅದೇ ಗುಜರಾತಿನ ‘ಜ್ಞಾನಶಾಲಾ’ ಶಾಲೆಗಳಲ್ಲಿ ಲೀ ಲಿಂಡನ್ ನಡೆಸಿದ ಅಧ್ಯಯನ ಎಚ್ಚರದ ಮಾತು ಹೇಳಿತು. ಒಳ್ಳೆಯ ಶಿಕ್ಷಕರ ಪಾಠದ ಹೊತ್ತನ್ನು ಕಿತ್ತು ಕಂಪ್ಯೂಟರಿಗೆ ಕೊಟ್ಟ ಕಡೆ ಮಕ್ಕಳು ಹಿಂದೆ ಬಿದ್ದರು. ಶಾಲೆಯ ಹೊತ್ತಿನ ಆಚೆ ಹೆಚ್ಚಿನ ಅಭ್ಯಾಸವಾಗಿ ಕೊಟ್ಟ ಕಡೆ ಲಾಭವಾಯಿತು, ಅದರಲ್ಲೂ ಹಿಂದುಳಿದ ಮಕ್ಕಳಿಗೆ. ತಂತ್ರಾಂಶ ಅದೇ, ಯಾವುದರ ಜಾಗದಲ್ಲಿ ಅದು ಬಂತು ಎಂಬುದರಿಂದ ಫಲ ಬದಲಾಯಿತು.

ದೆಹಲಿಯ ‘ಮೈಂಡ್‌ಸ್ಪಾರ್ಕ್’ ಕೇಂದ್ರಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂದ್ರೊ ಗನಿಮಿಯಾನ್ 619 ಮಕ್ಕಳನ್ನು ಹಿಂಬಾಲಿಸಿದ್ದರು. ಆರನೇ ತರಗತಿಗೆ ಬಂದ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು. ಪಠ್ಯಪುಸ್ತಕದ ಪಾಠ ಒಂದು ಕಡೆ, ಮಗು ಇನ್ನೊಂದು ಕಡೆ. ತಂತ್ರಾಂಶ ಮಗು ಇದ್ದಲ್ಲಿಗೆ ಇಳಿದು ಅಲ್ಲಿಂದ ಲೆಕ್ಕ ಕೊಟ್ಟಿತು. ಒಂದೂವರೆ ಗಂಟೆಯ ತರಗತಿಯಲ್ಲಿ ಅರ್ಧ ಹೊತ್ತು ಪರದೆ, ಇನ್ನರ್ಧ ಸಣ್ಣ ಗುಂಪಿನ ಪಾಠ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23ರಷ್ಟು ಏರಿಕೆ. ಅದು ಮಗ್ಗಿಗಷ್ಟೇ ಮೀಸಲಾದ ತಂತ್ರಾಂಶವಲ್ಲ. ಆದರೂ ಪಾಠ ಸಿಗುವ ಮಟ್ಟ ಮತ್ತು ಮಗು ಇರುವ ಮಟ್ಟ ಒಂದಾದರೆ ಎಷ್ಟು ಬೇಗ ಚೇತರಿಕೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ನಮ್ಮಲ್ಲಿ ಕಡಿಮೆ.

ಗಡಿಯಾರದ ಜಗಳ

ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಪ್ರತಿ ಜೂನ್ ತಿಂಗಳು ಎಂಟೊಂಬತ್ತು ವರ್ಷದ ಮಕ್ಕಳು ಪರದೆಯ ಮುಂದೆ ಕೂತು ಮಗ್ಗಿಯ ಪರೀಕ್ಷೆ ಬರೆಯುತ್ತಾರೆ. 25 ಪ್ರಶ್ನೆ, ಒಂದೊಂದಕ್ಕೆ ಆರು ಸೆಕೆಂಡ್, ನಡುವೆ ಮೂರು ಸೆಕೆಂಡ್ ಬಿಡುವು. 2022ರಿಂದ ಇದು ಕಡ್ಡಾಯ. ಆರು, ಏಳು, ಎಂಟು, ಒಂಬತ್ತು, ಹನ್ನೆರಡರ ಮಗ್ಗಿಗಳಿಗೆ ಹೆಚ್ಚು ಪಾಲು. ಹನ್ನೆರಡು ಯಾಕೆಂದರೆ 1971ರವರೆಗೆ ಅವರ ಷಿಲ್ಲಿಂಗಿಗೆ ಹನ್ನೆರಡು ಪೆನ್ಸ್. ನಮ್ಮ ಹದಿನಾರಾಣೆಯಂತೆ ನಾಣ್ಯ ಹೋದರೂ ಮಗ್ಗಿ ಉಳಿದಿದೆ. ಪಾಸು ಫೇಲು ಎಂಬುದು ಇಲ್ಲ. 2022ರಲ್ಲಿ ಸರಾಸರಿ 19.8 ಇದ್ದದ್ದು 2024ಕ್ಕೆ 20.6 ಆಯಿತು, 25ಕ್ಕೆ 25 ತೆಗೆದವರು ಶೇ 27ರಿಂದ ಶೇ 34ಕ್ಕೆ ಏರಿದರು. ಗಣಿತದ ಶಿಕ್ಷಕ ಬ್ರೂನೊ ರೆಡ್ಡಿ ತಮ್ಮ ತರಗತಿಗೆಂದು ಶುರು ಮಾಡಿದ ‘ಟೈಮ್ಸ್ ಟೇಬಲ್ಸ್ ರಾಕ್ ಸ್ಟಾರ್ಸ್’ ಅಲ್ಲಿನ ಶಾಲೆಗಳಲ್ಲಿ ಮನೆಮಾತು.

ಗಡಿಯಾರ ಇಟ್ಟು ಕೇಳಿದರೆ ಮಕ್ಕಳಿಗೆ ಗಣಿತವೆಂದರೆ ಭಯ ಹುಟ್ಟುತ್ತದೆ ಎಂಬುದು ಸ್ಟ್ಯಾನ್‌ಫರ್ಡಿನ ಜೋ ಬೋಲರ್ ಅವರಂಥ ಶಿಕ್ಷಣತಜ್ಞರ ವಾದ. ಹೆದರಿಕೆ ಕ್ಷಣದ ನೆನಪನ್ನೇ ತಿಂದುಹಾಕುತ್ತದೆ, ಗೊತ್ತಿದ್ದದ್ದೂ ಬಾಯಿಗೆ ಬರುವುದಿಲ್ಲ. ಇನ್ನೊಂದು ಕಡೆ, ಹಿಂದುಳಿದ ಮಕ್ಕಳಿಗೆ ಗಣಿತ ಕಲಿಸುವ ಬಗ್ಗೆ ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ವಿಭಾಗ 2021ರಲ್ಲಿ ತಂದ ಮಾರ್ಗದರ್ಶಿ, ಹೊತ್ತು ನಿಗದಿ ಮಾಡಿದ ಚಿಕ್ಕ ಚಟುವಟಿಕೆಗಳಿಗೆ ಗಟ್ಟಿ ಆಧಾರವಿದೆ ಎಂದಿತು.

ಎರಡೂ ಮಾತು ಒಟ್ಟಿಗೆ ನಿಜವಾಗಬಹುದು. ಸಂಗತಿ ಇನ್ನೂ ಗೊತ್ತಿಲ್ಲದ ಮಗುವಿನ ಮುಂದೆ ಗಡಿಯಾರ ಇಟ್ಟರೆ ಅದು ಕಲಿಯುವುದು ಊಹೆ ಮತ್ತು ಹೆದರಿಕೆಯನ್ನು. ಗೊತ್ತಿರುವ ಮಗುವಿಗೆ ನಿನ್ನೆ ಒಂದು ನಿಮಿಷಕ್ಕೆ ಹದಿನೆಂಟು, ಇವತ್ತು ಇಪ್ಪತ್ತು ಎಂದು ತೋರಿಸಿದರೆ ಅದೇ ಗಡಿಯಾರ ಉತ್ಸಾಹ ಕೊಡುತ್ತದೆ. ಆದ್ದರಿಂದ ಮೊದಲು ಸರಿ, ಆಮೇಲೆ ಸಲೀಸು, ಕೊನೆಗೆ ವೇಗ. ಪೈಪೋಟಿ ತನ್ನ ನಿನ್ನೆಯ ಜೊತೆ. ಇಡೀ ತರಗತಿಗೆ ಕಾಣುವಂತೆ ಮೊದಲ ಹತ್ತು ಹೆಸರು ಹಾಕುವ ಪಟ್ಟಿ, ಹನ್ನೊಂದನೆಯವರಿಂದ ಆಚೆ ಇರುವ ಎಲ್ಲರಿಗೂ ದಿನಾ ಸೋಲುಣಿಸುತ್ತದೆ.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

2025ರ ಫೆಬ್ರುವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬ್ಯಾನರ್ಜಿ, ಡುಫ್ಲೊ, ಎಲಿಜಬೆತ್ ಸ್ಪೆಲ್ಕೆ ಮೊದಲಾದವರ ಅಧ್ಯಯನವೊಂದು ಬಂತು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮಾರುವ ಮಕ್ಕಳು ತೂಕ, ದರ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಸರಿಯಾಗಿ ಹೇಳುತ್ತಿದ್ದರು. ಅಂಥದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟರೆ ಸೋತರು. ವ್ಯಾಪಾರ ಮಾಡದ ಶಾಲಾ ಮಕ್ಕಳದ್ದು ತಿರುಗುಮುರುಗು: ಕಾಗದದ ಲೆಕ್ಕ ಬರುತ್ತದೆ, ಅಂಗಡಿಯ ಲೆಕ್ಕಕ್ಕೆ ತಡಕಾಡುತ್ತಾರೆ.

ಮಗ್ಗಿಯ ಆ್ಯಪ್ ಮಾಡುವವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಫಲಿತಾಂಶವಿದು. ಪರದೆಯಲ್ಲಿ 7×8 ಕಂಡಾಗ 56 ಒತ್ತುವುದನ್ನು ಕಲಿತ ಮಗು ಅದನ್ನಷ್ಟೇ ಕಲಿತಿರಬಹುದು. ಎಂಟು ರೂಪಾಯಿಯ ಏಳು ಪೆನ್ಸಿಲ್‌ಗೆ ನೂರು ಕೊಟ್ಟರೆ ಎಷ್ಟು ವಾಪಸ್ ಎಂದು ಬಾಯಲ್ಲಿ ಕೇಳಿ, ಏಳು ಸಾಲಿನಲ್ಲಿ ಎಂಟೆಂಟು ಹುಣಿಸೆಬೀಜ ಜೋಡಿಸಿ ನೋಡಿ, ಅದನ್ನೇ ಹಾಳೆಯಲ್ಲಿ ಬರೆದಾಗ ಮಾತ್ರ ಕೊಂಡಿ ಎಲ್ಲಿಗೆ ಬೇಕಾದರೂ ಸಿಕ್ಕಿಸಲು ಬರುತ್ತದೆ. ಇದು ಶಿಕ್ಷಕರ, ಮನೆಯವರ ಪಾಲಿನ ಕೆಲಸ; ಪರದೆಗೆ ಹೊರಿಸಿ ಕೈತೊಳೆದುಕೊಳ್ಳುವಂಥದ್ದಲ್ಲ.

ನಮ್ಮ ಶಾಲೆ, ನಮ್ಮ ಮೊಬೈಲ್

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಳ್ಳೆಯ ಪೀಠಿಕೆಯಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿಕಲಿ’ ಪ್ರತಿ ಮಗು ತನ್ನ ಗತಿಯಲ್ಲಿ ಮೆಟ್ಟಿಲು ಹತ್ತುವುದನ್ನು ಸರ್ಕಾರಿ ಶಾಲೆಗೆ ಪರಿಚಯಿಸಿತು. ತಂತ್ರಾಂಶಗಳು ಇವತ್ತು ಹೊಸದೆಂದು ಮಾರುತ್ತಿರುವ ಕಲ್ಪನೆ ಅದೇ. ಬೆಂಗಳೂರಿನ ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ಮಣಿಚೌಕಟ್ಟು, ದಶಕದ ಕಟ್ಟುಗಳಂಥ ಸಾಮಗ್ರಿಯ ಕಿಟ್‌ಗಳನ್ನು ಶಾಲೆಗಳಿಗೆ ತಲುಪಿಸಿತು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳಲ್ಲಿ ಊರಿನವರೆದುರೇ ಮಕ್ಕಳ ಕಲಿಕೆ ಬಯಲಾಯಿತು. ಅದೇ ಸಂಸ್ಥೆಯ ‘ಬಿಲ್ಡಿಂಗ್ ಬ್ಲಾಕ್ಸ್’ ಆ್ಯಪ್ ಉಚಿತ, ಕನ್ನಡದಲ್ಲಿದೆ, ಇಂಟರ್‌ನೆಟ್ ಇಲ್ಲದೆಯೂ ಸಾಧಾರಣ ಫೋನಿನಲ್ಲಿ ಓಡುತ್ತದೆ. ರಾಜ್ಯ ಸರ್ಕಾರದ ‘ಗಣಿತ ಗಣಕ’ ಕಾರ್ಯಕ್ರಮದಲ್ಲಿ ಆ್ಯಪ್ ಕೂಡ ಇಲ್ಲ. ಶಿಕ್ಷಕರೇ ಮಗುವಿನ ಮನೆಗೆ ಫೋನ್ ಮಾಡಿ ಲೆಕ್ಕ ಹೇಳಿಕೊಡುತ್ತಾರೆ.

ಫೋನ್ ಇದೆ ಎಂದ ಮಾತ್ರಕ್ಕೆ ಕಲಿಕೆ ಇದೆ ಎನ್ನುವಂತಿಲ್ಲ. ಅಸರ್ 2024ರಲ್ಲಿ 14ರಿಂದ 16 ವಯಸ್ಸಿನವರಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲವರು ಶೇ 82.2, ಅವರಲ್ಲಿ ಹಿಂದಿನ ವಾರ ಕಲಿಕೆಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಚಿಕ್ಕ ಮಕ್ಕಳ ಮನೆಯಲ್ಲಿ ಫೋನ್ ಒಂದೇ, ಅದು ಅಪ್ಪನ ಜೇಬಿನಲ್ಲಿ ಹೋಗಿ ರಾತ್ರಿ ಬರುತ್ತದೆ. ಹಾಗಾದರೆ ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಸಾಕು. ಭಾನುವಾರದ ಒಂದು ಗಂಟೆಗಿಂತ ದಿನದ ಹತ್ತು ನಿಮಿಷ ಮೇಲು. ಶಾಲೆಯಲ್ಲಿ ಮೂರು ಟ್ಯಾಬ್ ಇದ್ದರೂ ಸಾಲುತ್ತದೆ. ಮೂವತ್ತು ಮಕ್ಕಳನ್ನು ವಡೋದರದಂತೆ ಇಬ್ಬಿಬ್ಬರಾಗಿ ಮಾಡಿ, ಜೋಡಿಗೆ ಆರು ನಿಮಿಷ ಕೊಟ್ಟರೆ ಅರ್ಧ ಗಂಟೆಯಲ್ಲಿ ಒಂದು ಸುತ್ತು ಮುಗಿಯುತ್ತದೆ.

ಏನೂ ಇಲ್ಲದಿದ್ದರೆ ರಟ್ಟಿನ ಡಬ್ಬಿ ಇದೆ. 1972ರಲ್ಲಿ ಜರ್ಮನ್ ಲೇಖಕ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ ಪದ್ಧತಿಯಲ್ಲಿ ಡಬ್ಬಿಗೆ ಐದು ಖಾನೆ. ಚೀಟಿಯ ಒಂದು ಬದಿ 6×8, ಹಿಂಬದಿ 48. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮೊದಲ ಖಾನೆಗೆ. ಮೊದಲ ಖಾನೆಯನ್ನು ದಿನಾ ಕೇಳಬೇಕು, ಕೊನೆಯದನ್ನು ತಿಂಗಳಿಗೊಮ್ಮೆ ಕೇಳಿದರೆ ಸಾಕು. ಎಷ್ಟೋ ಆ್ಯಪ್‌ಗಳ ಒಳಗಿನ ತರ್ಕ ಇದೇ.

ಯಾವುದನ್ನು ಆರಿಸಬೇಕು

ಆ್ಯಪ್ ಆರಿಸುವ ಶಿಕ್ಷಕರು, ಪೋಷಕರು ನೋಡಬೇಕಾದದ್ದು ಹೆಚ್ಚಿಲ್ಲ. ಹತ್ತು ನಿಮಿಷದಲ್ಲಿ ಮಗು ನಿಜಕ್ಕೂ ಎಷ್ಟು ಲೆಕ್ಕ ಮಾಡಿತು ಎಂದು ಪಕ್ಕದಲ್ಲಿ ಕೂತು ಎಣಿಸಿ. ಆಟದ ಗೊಂಬೆಗೆ ಬಟ್ಟೆ ತೊಡಿಸುವುದರಲ್ಲೇ ಹೊತ್ತು ಹೋದರೆ ಬಿಡಿ. ಉತ್ತರ ಒತ್ತಬೇಕೋ, ಆಯ್ಕೆ ಮಾಡಬೇಕೋ ನೋಡಿ. ಗಡಿಯಾರ ನಿಲ್ಲಿಸಲು ಬರುತ್ತದೆಯೇ? ಕನ್ನಡದ ದನಿ ಇದೆಯೇ? ಜಾಹೀರಾತು ನುಗ್ಗುತ್ತದೆಯೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ಮಗುವಿನ ಫೋಟೊ, ಊರು, ಫೋನ್ ನಂಬರ್ ಕೇಳುವ ಮಗ್ಗಿಯ ಆ್ಯಪ್‌ಗೆ ಅವು ಯಾಕೆ ಬೇಕು ಎಂದು ಕೇಳುವ ಹಕ್ಕು ನಿಮಗಿದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದು. ವಾರದ ಕೊನೆಗೆ ಈ ಮಗುವಿಗೆ ಬಾರದ ಸಂಗತಿಗಳು ಯಾವುವು ಎಂದು ಅದು ಹೆಸರಿಟ್ಟು ಹೇಳುತ್ತದೆಯೇ? ‘ಶೇ 72’ ಎಂಬ ಅಂಕದಿಂದ ಶಿಕ್ಷಕರಿಗೆ ಏನೂ ಮಾಡಲಾಗದು. ‘6×7, 7×8, 13ರಲ್ಲಿ 8 ಕಳೆಯುವುದು’ ಎಂಬ ಪಟ್ಟಿಯಿಂದ ಸೋಮವಾರ ಬೆಳಿಗ್ಗೆಯ ಮೊದಲ ಐದು ನಿಮಿಷ ಸಿದ್ಧವಾಗುತ್ತದೆ. ಆ ಪಟ್ಟಿ ಕೊಡಲಾಗದ ಆ್ಯಪ್ ಎಷ್ಟು ಪದಕ ಹಂಚಿದರೂ ಆಟದ ಸಾಮಾನೇ. ಕೊಡುವಂಥದ್ದು ಸಿಕ್ಕರೆ ಅದನ್ನು ಓದಲು ಶಿಕ್ಷಕರಿಗೆ ಬಿಡುವು ಬೇಕು. ಟ್ಯಾಬ್ ಖರೀದಿಗೆ ಟೆಂಡರ್ ಕರೆಯುವವರು ಆ ಬಿಡುವಿಗೂ ವೇಳಾಪಟ್ಟಿಯಲ್ಲಿ ಒಂದು ಸಾಲು ಬರೆಯಲಿ.